ನೂರಾರು ಜನರ ಸೈಕಲ್ ರೇಸಿಗೆ ನಮ್ಮ ಕರಾವಳಿಯಿಂದ ಹೊರಡುವವರಿಗೆ

ಉತ್ತರ ಕನ್ನಡದಲ್ಲಿ ಸೈಕಲ್ ತುಳಿಯುವವರಿಗೆ ಏರು ಹೊಸದಲ್ಲ. ಕುಮಟಾದಿಂದ ಕತಗಾಲದವರೆಗೆ ಕಾಲು ಬಿಸಿ ಮಾಡಿಕೊಂಡು, ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವವರು ಬೇರೆ ಊರಿನ ರೇಸಿನ ಏರಿಗೆ ಅಷ್ಟಾಗಿ ಹೆದರಬೇಕಿಲ್ಲ. ಅವರಿಗೆ ಹೊಸದಾಗಿ ಕಾಣುವುದು ಜನ. ಒಂದೇ ಗೆರೆಯಿಂದ ನೂರಾರು ಸೈಕಲ್‌ಗಳು ಮೈಗೆ ಮೈ ತಾಗಿಸಿ ಹೊರಡುವಾಗ, ಇಷ್ಟು ದಿನ ಒಬ್ಬರೇ ತುಳಿದವರು ಎರಡು ಕಡೆ ಎಡವುತ್ತಾರೆ. ಮೊದಲ ಹತ್ತು ಕಿ.ಮೀ.ಯಲ್ಲೇ ಕಾಲಿನ ಕಸುವು ಖಾಲಿ ಮಾಡಿಕೊಳ್ಳುತ್ತಾರೆ, ಇಲ್ಲವೇ ಮುಂದಿನವರ ಗಾಲಿಗೆ ತಮ್ಮ ಗಾಲಿ ತಾಗಿಸಿ ಬೀಳುತ್ತಾರೆ. ಎರಡನ್ನೂ ಮನೆ ಹತ್ತಿರದ ರಸ್ತೆಯಲ್ಲೇ ತಿದ್ದಿಕೊಳ್ಳಬಹುದು. 100 ಕಿ.ಮೀ. ಆಸುಪಾಸಿನ, ನಡುವೆ ಒಂದು ಉದ್ದ ಏರಿರುವ ರೇಸನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಅಭ್ಯಾಸ

ಹತ್ತರಿಂದ ಹನ್ನೆರಡು ವಾರ ಬೇಕು. ವಾರಕ್ಕೆ ಮೂರು ದಿನ ಸರಿಯಾಗಿ ತುಳಿದರೆ ಸಾಕು: ಒಂದು ದಿನ ದೂರಕ್ಕೆ, ಒಂದು ದಿನ ಏರಿಗೆ, ಒಂದು ದಿನ ಗುಂಪಿನಲ್ಲಿ. ದೂರದ ಸವಾರಿಯನ್ನು ಈಗ ಆರಾಮಾಗಿ ಮುಗಿಸುವಷ್ಟರಿಂದ ಶುರುಮಾಡಿ ವಾರಕ್ಕೆ ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿ. ಪ್ರತಿ ನಾಲ್ಕನೇ ವಾರ ಇಳಿಸಿ, ಇಲ್ಲದಿದ್ದರೆ ಮಂಡಿ ಮತ್ತು ಸೊಂಟ ಮಾತಾಡತೊಡಗುತ್ತವೆ. 80–90 ಕಿ.ಮೀ. ಮುಟ್ಟಿದರೆ ಸಾಕು. ರೇಸಿಗೆ ಮೊದಲೇ ಪೂರ್ತಿ 100 ತುಳಿದು ನೋಡುವ ಅಗತ್ಯವಿಲ್ಲ.

ಏರಿನ ದಿನ ಘಟ್ಟವನ್ನು ಒಂದೇ ಉಸಿರಿಗೆ ಹತ್ತಬೇಡಿ. ಬಾಯಿಂದ ಎರಡು ಮೂರು ಶಬ್ದಕ್ಕಿಂತ ಹೆಚ್ಚು ಹೊರಡದಷ್ಟು ಜೋರಾಗಿ 10 ನಿಮಿಷ, ಆಮೇಲೆ 5 ನಿಮಿಷ ಹಗುರ, ಹೀಗೆ ಮೂರು ಸಲ. ದೇವಿಮನೆ ಇದಕ್ಕೆ ಒಳ್ಳೆಯ ಜಾಗ. ಘಟ್ಟ ಮುಗಿದ ಮೇಲೂ ಶಿರಸಿಯವರೆಗೆ ರಸ್ತೆ ಏರಿಳಿಯುತ್ತಲೇ ಇರುತ್ತದೆ. ಘಟ್ಟದ ತುದಿಯಲ್ಲೇ ಕಸುವೆಲ್ಲ ಮುಗಿಸಿದವರಿಗೆ ಬಂಡಲದ ಆಚೆ ಅದು ಗೊತ್ತಾಗುತ್ತದೆ. ಅರಬೈಲ್ ಘಟ್ಟವನ್ನು ಅಭ್ಯಾಸಕ್ಕೆ ಆರಿಸಿಕೊಳ್ಳಬೇಡಿ. ಹುಬ್ಬಳ್ಳಿ ಕಡೆಯ ಲಾರಿಗಳು ತಿರುವಿನಲ್ಲಿ ಇಡೀ ರಸ್ತೆ ತೆಗೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಗುಡ್ಡ ಕಡಿದು ಮಾಡಿದ ರಸ್ತೆಗಳನ್ನೇ ಬಿಟ್ಟುಬಿಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ಹಾಡಹಗಲಲ್ಲಿ. ಆ ದಿನಗಳಲ್ಲಿ ಮನೆಯೊಳಗೆ ಟ್ರೇನರ್ (ಸೈಕಲ್ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ತುಳಿದರೆ ಏನೂ ಕಳೆದುಕೊಳ್ಳುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇನ್ನೊಂದು ಮಾತು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಬೆಳಗಿನ ಗಾಳಿ ತಂಪು. ರೇಸು ಕರಾವಳಿಯಲ್ಲಿದ್ದರೆ ಸೆಕೆಗೆ ದೇಹ ಒಗ್ಗಲು ಒಂದರಿಂದ ಎರಡು ವಾರ ಬೇಕು. ಕೊನೆಯ ಎರಡು ವಾರದಲ್ಲಿ ನಾಲ್ಕೈದು ಸಲವಾದರೂ ಕೆಳಗಿಳಿದು, ಅಥವಾ ಮೇಲೆಯೇ ಮಧ್ಯಾಹ್ನದ ಹೊತ್ತಿನಲ್ಲಿ ಒಂದೊಂದು ಗಂಟೆ ತುಳಿಯಿರಿ. ಕೊನೆಯ ಹತ್ತು ದಿನ ಒಟ್ಟು ದೂರವನ್ನು ಅರ್ಧಕ್ಕೆ ಇಳಿಸಿ, ಆದರೆ ನಡುನಡುವೆ ಎರಡೆರಡು ನಿಮಿಷದ ಜೋರು ತುಳಿತ ಬಿಡಬೇಡಿ.

200 ಕಿ.ಮೀ.ಯನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸುವ ಬ್ರೆವೆ ಎಂಬ, ಸ್ಪರ್ಧೆಯಲ್ಲದ ದೂರದ ಸವಾರಿ ಮಾಡಿದವರು ರೇಸನ್ನೂ ಅದೇ ಲೆಕ್ಕದಲ್ಲಿ ನೋಡುವುದುಂಟು. ಬ್ರೆವೆ ತಿನ್ನುವುದನ್ನು, ಸಮಯ ಹಂಚಿಕೊಳ್ಳುವುದನ್ನು ಚೆನ್ನಾಗಿ ಕಲಿಸುತ್ತದೆ. ಗೇಣು ದೂರದಲ್ಲಿ ಇನ್ನೊಬ್ಬರ ಗಾಲಿ ಇಟ್ಟುಕೊಂಡು ತುಳಿಯುವುದನ್ನು ಕಲಿಸುವುದಿಲ್ಲ.

ಗುಂಪಿನಲ್ಲಿ ತುಳಿಯುವುದು

ಸಪಾಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಕಾಲಿನ ಶಕ್ತಿಯ ದೊಡ್ಡ ಪಾಲು ಗಾಳಿ ಸೀಳುವುದಕ್ಕೇ ಹೋಗುತ್ತದೆ. ಇನ್ನೊಂದು ಸೈಕಲ್ಲಿನ ಬೆನ್ನಿಗಿದ್ದರೆ ಅದೇ ವೇಗಕ್ಕೆ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಶಕ್ತಿ ಉಳಿಯುತ್ತದೆ. ಎರಡು ಗಂಟೆ ಹೀಗೆ ಉಳಿಸಿದವರು ಘಟ್ಟದ ಬುಡಕ್ಕೆ ಬೇರೆಯೇ ಕಾಲಿನಲ್ಲಿ ಬರುತ್ತಾರೆ. ಆದ್ದರಿಂದ ಮೂರು ದಿನದ ಅಭ್ಯಾಸದಲ್ಲಿ ಒಂದನ್ನು ಕೈಬಿಡಲೇಬೇಕಾದರೆ ದೂರದ ದಿನ ಬಿಡಿ, ಗುಂಪಿನ ದಿನ ಬಿಡಬೇಡಿ.

ನಾಲ್ಕು ಜನ ಸೇರಿ, ವಾಹನ ಕಡಿಮೆ ಇರುವ ನೇರ ರಸ್ತೆ ಹುಡುಕಿ, ಬೆಳಕು ಹರಿಯುತ್ತಿದ್ದಂತೆ ಹೊರಡಿ. ಮೊದಲು ಒಂದು ಸೈಕಲ್ ಉದ್ದದ ಅಂತರ, ವೇಗ 25. ಕಣ್ಣು ಮುಂದಿನವರ ಹಿಂದಿನ ಗಾಲಿಯ ಮೇಲೆ ನೆಟ್ಟರೆ ಅಪಾಯ. ಅವರ ಸೊಂಟ ಮತ್ತು ಭುಜದ ಮೇಲಿಂದ ಇನ್ನೂ ಮುಂದಕ್ಕೆ ನೋಡಿ. ಗಾಲಿ ಎಲ್ಲಿದೆ ಎನ್ನುವುದು ಕೆಳಗಣ್ಣಿಗೆ ತಾನಾಗಿ ಕಾಣುತ್ತಿರುತ್ತದೆ. ನಾಲ್ಕೈದು ಸಲ ಹೋದ ಮೇಲೆ ಅಂತರವನ್ನು ಒಂದು ಮೀಟರಿಗೆ, ಮುಂದೆ ಅರ್ಧ ಮೀಟರಿಗೆ ತನ್ನಿ. ರೇಸಿನಲ್ಲಿ ಗುರುತಿಲ್ಲದವರ ಹಿಂದೆ ಒಂದು ಮೀಟರಿಗಿಂತ ಹತ್ತಿರ ಹೋಗುವ ಅಗತ್ಯವಿಲ್ಲ.

ಮುಂದಿನವರ ವೇಗ ತಗ್ಗಿದಾಗ ಕೈ ಬ್ರೇಕಿಗೆ ಓಡುತ್ತದೆ. ಓಡಬಾರದು. ನೀವು ಒಮ್ಮೆ ಬ್ರೇಕ್ ಒತ್ತಿದರೆ ಹಿಂದಿನವರು ಅದಕ್ಕಿಂತ ಜೋರಾಗಿ ಒತ್ತುತ್ತಾರೆ, ಆರನೆಯವರು ನೆಲಕ್ಕೆ ಬೀಳುತ್ತಾರೆ. ಮೊದಲು ತುಳಿಯುವುದನ್ನು ನಿಲ್ಲಿಸದೆ ಹಗುರ ಮಾಡಿ. ಸಾಲದಿದ್ದರೆ ಬೆನ್ನು ನೆಟ್ಟಗೆ ಮಾಡಿ ಎದೆಗೆ ಗಾಳಿ ಕೊಡಿ. ಅದೂ ಸಾಲದಿದ್ದರೆ ಗಾಳಿಗೆ ಅರ್ಧ ಅಡಿ ಪಕ್ಕಕ್ಕೆ ಬನ್ನಿ. ಕೊನೆಗೆ ಮಾತ್ರ ಎರಡು ಬೆರಳಲ್ಲಿ ಬ್ರೇಕ್.

ಬೀಳುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಗಾಲಿ ಅಡ್ಡಬರುವುದು. ನಿಮ್ಮ ಮುಂದಿನ ಗಾಲಿ ಅವರ ಹಿಂದಿನ ಗಾಲಿಯ ಪಕ್ಕಕ್ಕೆ ಬಂದಿರುವಾಗ ಅವರು ಒಂದು ಗೇಣು ಸರಿದರೆ ಎರಡೂ ಉಜ್ಜುತ್ತವೆ. ಬೀಳುವವರು ಹಿಂದಿನವರು. ಸೈಕಲ್ಲಿನ ಸಮತೋಲ ನಿಂತಿರುವುದು ಹ್ಯಾಂಡಲ್ ಅತ್ತಿತ್ತ ಸಣ್ಣಗೆ ತಿರುಗುತ್ತಿರುವುದರಿಂದ. ಮುಂದಿನ ಗಾಲಿ ಇನ್ನೊಂದಕ್ಕೆ ಒರಗಿದ ಕ್ಷಣ ಆ ತಿರುಗುವಿಕೆ ನಿಂತುಹೋಗುತ್ತದೆ. ಹಾಗೆ ತಾಗಿಯೇಬಿಟ್ಟರೆ ಗಾಬರಿಯಲ್ಲಿ ದೂರ ಎಳೆಯಬೇಡಿ. ತಾಗಿದ ಕಡೆಗೇ ಸ್ವಲ್ಪ ಮೈ ಒರಗಿಸಿ, ತುಳಿಯುವುದನ್ನು ನಿಲ್ಲಿಸಿ ನಿಧಾನ ಹಿಂದೆ ಬನ್ನಿ. ಮಣ್ಣಿನ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಇಬ್ಬರು ಇದನ್ನು ಬೇಕೆಂದೇ ಮಾಡಿ ನೋಡಬಹುದು, ಬಿದ್ದರೂ ಪೆಟ್ಟಾಗದು.

ಸೀಟಿನಿಂದ ಏಳುವಾಗಲೂ ಎಚ್ಚರ. ಎದ್ದ ಕ್ಷಣ ತುಳಿತ ತಪ್ಪುವುದರಿಂದ ಸೈಕಲ್ ಹಿಂದಿನವರ ಕಡೆಗೆ ಗೇಣುದ್ದ ಹಿಂಜರಿಯುತ್ತದೆ. ಏಳುವ ಮೊದಲು ಒಂದು ಗಟ್ಟಿ ಗೇರಿಗೆ ಹಾಕಿ, ಪೆಡಲ್ ಕೆಳಗೆ ಹೋಗುವ ಒತ್ತಿನಲ್ಲೇ ಏಳಿ.

ಸರದಿಯಲ್ಲಿ ಮುಂದೆ ಬಂದಾಗ ಹೊಸಬರು ಮಾಡುವುದು ಒಂದೇ: ವೇಗ ಹೆಚ್ಚಿಸುತ್ತಾರೆ. ಮೀಟರ್ ನೋಡಿ, ಇದ್ದ ವೇಗವನ್ನೇ ಇಟ್ಟುಕೊಳ್ಳಿ. ಒಂದು ನಿಮಿಷ ಆದಮೇಲೆ ಹಿಂದೆ ನೋಡಿ, ಗಾಳಿ ಬರುವ ಕಡೆಗೆ ಸರಿದು, ಹಗುರ ತುಳಿಯುತ್ತ ಸಾಲಿನ ಕೊನೆಗೆ ಬನ್ನಿ. ಕೊನೆಯವರು “ಕೊನೆ” ಎಂದು ಕೂಗಿದರೆ ನೀವು ಸಮಯಕ್ಕೆ ಸರಿಯಾಗಿ ಅವರ ಬೆನ್ನು ಹಿಡಿಯುತ್ತೀರಿ. ಹೊಂಡ, ಕಲ್ಲು, ಉಬ್ಬನ್ನು ಕೈ ತೋರಿಸಿ ಹೇಳುವುದು ಒಳ್ಳೆಯದೇ. ಆದರೆ ಹೊಂಡ ತೀರಾ ಹತ್ತಿರವಿದ್ದರೆ ಕೈ ಬಿಡಬೇಡಿ, ಬಾಯಲ್ಲಿ ಕೂಗಿ.

ಗಾಳಿಯ ಪಾಠಕ್ಕೆ ನಮ್ಮ ಹೆದ್ದಾರಿಯ ಸೇತುವೆಗಳಿಗಿಂತ ಒಳ್ಳೆಯ ಶಾಲೆ ಇಲ್ಲ. ಕಾರವಾರದ ಕಾಳಿ, ಹೊನ್ನಾವರದ ಶರಾವತಿ ಸೇತುವೆ ಮೇಲೆ ಹೊತ್ತೇರಿದ ನಂತರ ಕಡಲಗಾಳಿ ಪಡುವಣದಿಂದ ಅಡ್ಡ ಹೊಡೆಯುತ್ತದೆ. ಅಡ್ಡಗಾಳಿಯಲ್ಲಿ ನೆರವು ಸಿಗುವುದು ನೇರ ಹಿಂದಲ್ಲ, ಗಾಳಿಯ ಮರೆಯ ಪಕ್ಕಕ್ಕೆ. ರೇಸಿನಲ್ಲಿ ಸಾಲು ಓರೆಯಾಗುವುದು ಇದಕ್ಕೇ. ಆದರೆ ವಾಹನ ಓಡಾಡುವ ಹೆದ್ದಾರಿಯಲ್ಲಿ ಓರೆ ಸಾಲು ಕಟ್ಟಬಾರದು. ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರೇ ಹೋಗಬೇಕು. ಸೇತುವೆಯ ಜೋಡಣೆಯ ಸಂದನ್ನು ನೇರವಾಗಿ ದಾಟಿ, ಓರೆಯಾಗಿ ದಾಟಿದರೆ ಗಾಲಿ ಸಿಕ್ಕಿಕೊಳ್ಳುತ್ತದೆ. ಕಾರವಾರ–ಬಿಣಗಾ ಸುರಂಗಕ್ಕೆ ಹೋಗುವ ಮುಂಚೆ ಕಪ್ಪು ಕನ್ನಡಕ ತೆಗೆಯಿರಿ, ಹಿಂದಿನ ಕೆಂಪು ದೀಪ ಹಚ್ಚಿ.

ಸೈಕಲ್

ಗೇರಿನ ಲೆಕ್ಕ ಮೊದಲು ನೋಡಿ. ಮುಂದೆ 34 ಹಲ್ಲು, ಹಿಂದೆ 28 ಇದ್ದರೆ, 28 ಮಿ.ಮೀ. ಟೈರಿನಲ್ಲಿ ಪೆಡಲ್ ಒಂದು ಸುತ್ತಿಗೆ ಸುಮಾರು 2.6 ಮೀಟರ್ ಹೋಗುತ್ತದೆ. ನಿಮಿಷಕ್ಕೆ 70 ಸುತ್ತು ತಿರುಗಿಸಲು ಗಂಟೆಗೆ ಹತ್ತಿರ ಹತ್ತಿರ 11 ಕಿ.ಮೀ. ವೇಗ ಬೇಕು. ಏರು ಕಡಿದಾಗಿ ವೇಗ 9ಕ್ಕೆ ಬಿದ್ದರೆ ಸುತ್ತು 58ಕ್ಕೆ ಇಳಿದು ಮಂಡಿಯ ಮೇಲೆ ಭಾರ ಬೀಳುತ್ತದೆ. ಹಿಂದೆ 32 ಹಲ್ಲಿದ್ದರೆ 9.5 ಕಿ.ಮೀ. ವೇಗಕ್ಕೇ 70 ಸುತ್ತು ಸಿಗುತ್ತದೆ. ಹೊಸ ಕ್ಯಾಸೆಟ್ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲು) ಹಾಕಿಸುವ ಮೊದಲು, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡೆರೈಲರ್ ಅಷ್ಟು ದೊಡ್ಡ ಹಲ್ಲು ತಡೆಯುತ್ತದೆಯೇ ಎಂದು ಕೇಳಿ, ಚೈನ್ ಉದ್ದವೂ ಬದಲಾಗಬೇಕಾಗಬಹುದು. ಹಗುರ ಗೇರು ಸೇರಿಸುವುದು ಹಗುರ ಸೈಕಲ್ ಕೊಳ್ಳುವುದಕ್ಕಿಂತ ಬಹಳ ಅಗ್ಗ. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ. ಇದ್ದರೆ, 1 ಕೆ.ಜಿ. ಕಳೆದದ್ದರಿಂದ 45 ನಿಮಿಷದ ಏರಿನಲ್ಲಿ ಉಳಿಯುವುದು ಅರ್ಧ ನಿಮಿಷ.

ಚೈನ್ ಹಿಗ್ಗಿದೆಯೇ ಎಂದು ಸ್ಟೀಲ್ ಸ್ಕೇಲಿನಲ್ಲೇ ಅಳೆಯಬಹುದು. ಒಂದು ಪಿನ್ನಿನ ನಡುವಿನಿಂದ ಎಣಿಸಿ 24 ಕೊಂಡಿ ಆಚೆಯ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ 304.8 ಮಿ.ಮೀ. ಇರುತ್ತದೆ. 11 ಸ್ಪೀಡಿನ (ಹಿಂದೆ 11 ಹಲ್ಲುಚಕ್ರದ) ಚೈನ್ 306.3 ಮುಟ್ಟಿದರೆ, 8–10 ಸ್ಪೀಡಿನದು 307 ಮುಟ್ಟಿದರೆ ಬದಲಿಸಿ. ರೇಸಿನ ಹಿಂದಿನ ದಿನ ಬದಲಿಸಬೇಡಿ. ಹಳೆ ಕ್ಯಾಸೆಟ್ ಹೊಸ ಚೈನನ್ನು ಒಪ್ಪದೆ ಏರಿನಲ್ಲಿ ಜಿಗಿಯಬಹುದು. ಎರಡು ವಾರ ಮೊದಲು ಬದಲಿಸಿ ತುಳಿದು ನೋಡಿ.

ಟೈರು 28 ಮಿ.ಮೀ. ಇರಲಿ. 70 ಕೆ.ಜಿ. ಸವಾರರಿಗೆ ಟ್ಯೂಬಿದ್ದರೆ ಗಾಳಿಯ ಒತ್ತಡ 70–80 ಪಿಎಸ್‌ಐ ಸಾಕು, ಮುಂದಿನದಕ್ಕೆ ಐದು ಕಡಿಮೆ, ರಸ್ತೆ ಒದ್ದೆಯಿದ್ದರೆ ಇನ್ನೂ ಐದು ಕಡಿಮೆ. ಟೈರು ಮತ್ತು ರಿಮ್ಮಿನ ಮೇಲೆ ಬರೆದಿರುವ ಮಿತಿ ಮೀರಬೇಡಿ. ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಓಡುತ್ತದೆ ಎಂಬ ನಂಬಿಕೆ ನಮ್ಮ ರಸ್ತೆಗಳಿಗೆ ಹೊಂದುವುದಿಲ್ಲ. ಕಲ್ಲಾದ ಟೈರು ಪ್ರತಿ ಸಣ್ಣ ಉಬ್ಬಿಗೂ ಪುಟಿದು ವೇಗ ಕಳೆಯುತ್ತದೆ.

ಪಂಕ್ಚರ್ ಸಾಮಾನು: ಎರಡು ಟ್ಯೂಬು, ಎರಡು ಟೈರ್ ಲಿವರ್, ಸಣ್ಣ ಪಂಪು, 4 ಮತ್ತು 5 ಮಿ.ಮೀ. ಅಲೆನ್ ಕೀ ಇರುವ ಮಲ್ಟಿಟೂಲ್, ತುಂಡಾದ ಚೈನ್ ಜೋಡಿಸಲು ನಿಮ್ಮ ಚೈನಿನ ಸ್ಪೀಡಿಗೆ ಹೊಂದುವ ಒಂದು ಕ್ವಿಕ್ ಲಿಂಕ್. ಪೆಟ್ರೋಲ್ ಬಂಕಿನ ಗಾಳಿ ಸಪೂರ ಪ್ರೆಸ್ಟಾ ವಾಲ್ವಿಗೆ ಕೂರುವುದಿಲ್ಲ, ಹಿತ್ತಾಳೆಯ ಅಡಾಪ್ಟರ್ ಒಂದನ್ನು ಇಟ್ಟುಕೊಳ್ಳಿ. ಹೆದ್ದಾರಿ ಅಂಚಿನಲ್ಲಿ ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿಗಳೇ ಹೆಚ್ಚು ಪಂಕ್ಚರ್ ಮಾಡುವುದು, ಅವು ಹೊರಗಿನಿಂದ ಕಾಣುವುದಿಲ್ಲ. ಟ್ಯೂಬು ಬದಲಿಸುವ ಮೊದಲು ಟೈರಿನ ಒಳಮೈ ಪೂರ್ತಿ ಬಟ್ಟೆಯಿಂದ ಸವರಿ. ಬಟ್ಟೆ ಸಿಕ್ಕಿದ ಕಡೆ ತಂತಿ ಇದೆ. ಅದನ್ನು ಕೀಳದೆ ಹೊಸ ಟ್ಯೂಬು ಹಾಕಿದರೆ ಎರಡು ಕಿ.ಮೀ.ಯಲ್ಲಿ ಮತ್ತೆ ನಿಲ್ಲುತ್ತೀರಿ. ಹೊಸ ಟ್ಯೂಬಿಗೆ ಆಕಾರ ಬರುವಷ್ಟೇ ಗಾಳಿ ಕೊಟ್ಟು ಕೂರಿಸಿ. ಟೈರಿನ ಅಂಚನ್ನು ವಾಲ್ವಿನ ಎದುರು ಬದಿಯಿಂದ ಒಳಗೆ ಹಾಕುತ್ತ ಬಂದು ವಾಲ್ವಿನ ಹತ್ತಿರ ಮುಗಿಸಿ. ವಾಲ್ವಿನ ಬಳಿ ಅಂಚು ರಿಮ್ಮಿನ ನಡುವಿನ ತಗ್ಗಿಗೆ ಇಳಿಯಲಾರದು, ಅಲ್ಲಿಂದ ಶುರುಮಾಡಿದರೆ ಕೊನೆಗೆ ಸಡಿಲು ಸಾಲದೆ ಲಿವರ್ ಹಾಕಬೇಕಾಗುತ್ತದೆ, ಲಿವರ್ ಹೊಸ ಟ್ಯೂಬನ್ನು ಕಚ್ಚುತ್ತದೆ. ಮುಗಿದ ಮೇಲೆ ವಾಲ್ವನ್ನು ಒಮ್ಮೆ ಒಳಗೆ ತಳ್ಳಿ ಬಿಟ್ಟರೆ ಅಡಿಯಲ್ಲಿ ಸಿಕ್ಕ ಟ್ಯೂಬು ಬಿಡಿಸಿಕೊಳ್ಳುತ್ತದೆ. ಆಮೇಲೆ ಗಾಳಿ. 16 ಗ್ರಾಂ ಗ್ಯಾಸ್ ಕಾರ್ಟ್ರಿಜ್ ಬಳಸಿದರೆ ಮರುದಿನದೊಳಗೆ ಇಳಿಯುತ್ತದೆ, ಮನೆಗೆ ಬಂದು ಗಾಳಿ ಬದಲಿಸಿ.

ರಿಮ್ ಬ್ರೇಕಿನ ಪ್ಯಾಡಿನಲ್ಲಿ ಮರಳು ಮತ್ತು ಅಲ್ಯೂಮಿನಿಯಂ ಚೂರು ಸೇರಿರುತ್ತವೆ. ಸೂಜಿಯಿಂದ ಕಿತ್ತು ಉಪ್ಪುಕಾಗದದಲ್ಲಿ ಉಜ್ಜಿ. ಡಿಸ್ಕ್ ಬ್ರೇಕಿನ ಹತ್ತಿರ ಎಣ್ಣೆ ಸ್ಪ್ರೇ ಹೊಡೆಯಲೇಬೇಡಿ, ಪ್ಯಾಡ್ ಹೀರಿಕೊಂಡರೆ ಬ್ರೇಕ್ ಹಿಡಿಯುವುದಿಲ್ಲ.

ರೇಸಿನ ಊರಿಗೆ ರೈಲಿನಲ್ಲೋ ಬಸ್ಸಿನಲ್ಲೋ ಒಯ್ಯುವಾಗ ಎಡ ಪೆಡಲಿನ ತಿರುಪು ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ ಎಂಬುದು ನೆನಪಿರಲಿ. ಹಿಂದಿನ ಡೆರೈಲರನ್ನು ಬಿಚ್ಚಿ ಒಳಗೆ ಕಟ್ಟಿ. ಸಾಮಾನು ಡಬ್ಬಿಯಲ್ಲಿ ಮೊದಲು ಬಾಗುವುದು ಅದರ ಕೊಂಡಿಯೇ. ಬೆಂಗಳೂರಿಗೆ ಪಂಚಗಂಗಾ ರೈಲಿನಲ್ಲಿ ಹೋಗುವವರು ರೇಸಿನ ಹಿಂದಿನ ದಿನ ಬೆಳಿಗ್ಗೆಯೇ ಮುಟ್ಟುವಂತೆ ಹೊರಡಿ. ಜೋಡಿಸಿ ಅರ್ಧ ಗಂಟೆ ತುಳಿದು ಎಲ್ಲ ಗೇರು ಹಾಕಿ ನೋಡಲು ಹೊತ್ತು ಬೇಕು.

ನೀರು, ತಿಂಡಿ

ಕರಾವಳಿಯ ಸೆಕೆಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ, ಅಂಥ ಬೆವರು ಮೈ ತಂಪು ಮಾಡುವುದಿಲ್ಲ. ಒಂದು ಗಂಟೆ ತುಳಿಯುವ ಮೊದಲು, ಆಮೇಲೆ ಬಟ್ಟೆ ಬಿಚ್ಚಿ ತೂಕ ನೋಡಿ. ಕಳೆದ ಪ್ರತಿ ಕೆ.ಜಿ.ಗೆ ಒಂದು ಲೀಟರ್ ಬೆವರು, ನಡುವೆ ಕುಡಿದದ್ದನ್ನು ಸೇರಿಸಿಕೊಳ್ಳಿ. ಅದಕ್ಕಿಂತ ಹೆಚ್ಚು ಕುಡಿಯಬೇಡಿ. ಬರಿ ನೀರು ಅತಿಯಾದರೆ ರಕ್ತದ ಉಪ್ಪು ತಿಳಿಯಾಗಿ ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ.

ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಲಿಂಬೆ ಅಥವಾ ಮುರುಗಲ ಹಣ್ಣಿನ ಹುಳಿ. ಅಂಗಡಿಯ ಒಆರ್‌ಎಸ್ ಪ್ಯಾಕೆಟ್ಟು ಉಪ್ಪು ತುಂಬಿಕೊಡುತ್ತದೆ, ಆದರೆ ಲೀಟರಿಗೆ ಅದರಲ್ಲಿರುವ ಗ್ಲೂಕೋಸ್ 13.5 ಗ್ರಾಂ ಮಾತ್ರ, ಅದು ತುಳಿಯಲು ಸಾಲದು. ಗಂಟೆಗೆ 60 ಗ್ರಾಂ ಪಿಷ್ಟ–ಸಕ್ಕರೆ ಹೊಟ್ಟೆಗೆ ಹೋಗಬೇಕು, ಮೊದಲ ಅರ್ಧ ಗಂಟೆಯಿಂದಲೇ. ಹಸಿವಾದ ಮೇಲೆ ತಿಂದರೆ ತಡವಾಯಿತು. ದುಬಾರಿ ಜೆಲ್ ಬದಲು ನಮ್ಮ ಜೋನಿ ಬೆಲ್ಲ ಚೆನ್ನಾಗಿ ನಡೆಯುತ್ತದೆ. ಎರಡು ದೊಡ್ಡ ಚಮಚದಲ್ಲಿ ಸುಮಾರು 25 ಗ್ರಾಂ ಸಕ್ಕರೆ. ಸ್ವಲ್ಪ ಬಿಸಿನೀರು, ಚಿಟಿಕೆ ಉಪ್ಪು ಬೆರೆಸಿ ಹಿಂಡುವ ಸಣ್ಣ ಬಾಟ್ಲಿಗೆ ತುಂಬಿ, ಮೇಲೆ ಎರಡು ಗುಟುಕು ನೀರು ಕುಡಿಯಿರಿ. ಅಭ್ಯಾಸದ ದಿನಗಳಲ್ಲೇ ಹೊಟ್ಟೆಗೆ ಒಗ್ಗಿಸಿಕೊಂಡಿರಬೇಕು. ರೇಸಿನ ಬೆಳಿಗ್ಗೆ, ಹೊರಡುವುದಕ್ಕೆ ಎರಡೂವರೆ–ಮೂರು ಗಂಟೆ ಮೊದಲು ಇಡ್ಲಿ, ಗಂಜಿ ಅಥವಾ ಬೆಲ್ಲದವಲಕ್ಕಿ. ಎಣ್ಣೆ ಪದಾರ್ಥ, ಕಾಳಿನ ಪಲ್ಯ ಬೇಡ.

ರೇಸಿನ ದಿನ

ಒಂದೂವರೆ ಗಂಟೆ ಮುಂಚೆ ಹೋಗಿ. ಸಮಯ ಅಳೆಯುವ ಚಿಪ್ ಅಂಟಿಸಿದ ನಂಬರನ್ನು ಮಡಚಬೇಡಿ, ಬೆನ್ನಿನ ಜೇಬು ಮುಚ್ಚದಂತೆ ನಾಲ್ಕೂ ಮೂಲೆ ಪಿನ್ ಮಾಡಿ. ಕೆಲವು ದೊಡ್ಡ ರೇಸುಗಳಲ್ಲಿ ಎಲ್ಲರನ್ನೂ ಒಂದೇ ಸಲ ಬಿಡುವುದಿಲ್ಲ. 1978ರಲ್ಲಿ ಶುರುವಾದ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಸೈಕಲ್ ಟೂರ್ ನೋಡಿ. ಸುಮಾರು 109 ಕಿ.ಮೀ. ದಾರಿಯಲ್ಲಿ ಹತ್ತಾರು ಸಾವಿರ ಜನರನ್ನು ಹಿಂದಿನ ರೇಸಿನ ಸಮಯ ನೋಡಿ ತಂಡ ಮಾಡಿ, ಒಂದರ ಹಿಂದೊಂದು ಬಿಡುತ್ತಾರೆ. ನಿಮ್ಮ ರೇಸಿನಲ್ಲೂ ತಂಡ ಕೇಳಿದರೆ ನಿಜವಾದ ವೇಗವನ್ನೇ ಬರೆಯಿರಿ. ಮೇಲಿನ ತಂಡದಲ್ಲಿ ನಿಂತವರು ಇಪ್ಪತ್ತು ನಿಮಿಷದಲ್ಲಿ ಒಂಟಿಯಾಗಿ, ಬೆನ್ನು ಹಿಡಿಯಲು ಯಾರೂ ಇಲ್ಲದೆ ಎದುರುಗಾಳಿಗೆ ತುಳಿಯುತ್ತಾರೆ. ಚಿಪ್ ಗೆರೆ ದಾಟಿದಾಗ ಸಮಯ ಶುರುವಾಗುವ ರೇಸಿನಲ್ಲಿ ಮುಂದಿನ ಸಾಲಿಗೆ ನುಗ್ಗಿ ಏನೂ ಸಿಗುವುದಿಲ್ಲ.

ಮೊದಲ 20 ನಿಮಿಷ ಪೂರ್ತಿ ವಾಕ್ಯ ಆಡಲು ಬರುವಷ್ಟೇ ಜೋರು. ಜನ ದಾಟಿ ಹೋಗುತ್ತಾರೆ, ಹೋಗಲಿ. ಗುಂಪಿನ ನಡುವಿಗಿಂತ ಅಂಚಿಗಿರಿ, ಪಕ್ಕಕ್ಕೆ ಜಾಗ ಇರುತ್ತದೆ.

ಕಟ್‌ಆಫ್ (ರೇಸು ಮುಗಿಸಲು ಕೊಟ್ಟ ಗಡುವು) ಲೆಕ್ಕವನ್ನು ಮನೆಯಲ್ಲೇ ಮಾಡಿ. 100 ಕಿ.ಮೀ.ಗೆ ಐದೂವರೆ ಗಂಟೆ ಎಂದುಕೊಳ್ಳಿ. ಸಪಾಟು 60 ಕಿ.ಮೀ. 25ರ ವೇಗದಲ್ಲಿ 2 ಗಂಟೆ 24 ನಿಮಿಷ, 12 ಕಿ.ಮೀ. ಏರು 10ರ ವೇಗದಲ್ಲಿ 1 ಗಂಟೆ 12, ಉಳಿದ 28 ಕಿ.ಮೀ. 24ರಲ್ಲಿ 1 ಗಂಟೆ 10. ಒಟ್ಟು 4 ಗಂಟೆ 46. ನೀರಿಗೆ ಎರಡು ಸಲ ಏಳೇಳು ನಿಮಿಷ, ಒಂದು ಪಂಕ್ಚರಿಗೆ ಹನ್ನೆರಡು ಸೇರಿಸಿದರೆ 5 ಗಂಟೆ 12. ಉಳಿದದ್ದು 18 ನಿಮಿಷ. ನೀರಿನ ಮೇಜಿನ ಬಳಿ ಹರಟೆಗೆ ನಿಂತವರನ್ನೇ ಕೊನೆಯ ಗಾಡಿ ಹತ್ತಿಸಿಕೊಳ್ಳುವುದು ಈ ಲೆಕ್ಕದಲ್ಲಿ. ನೀರು ಕೊಡುವ ಜಾಗದಲ್ಲಿ ಸಾಲಿನ ಮೊದಲ ಮೇಜು ಬಿಟ್ಟು ಕೊನೆಯದಕ್ಕೆ ಹೋಗಿ, ಅಲ್ಲಿ ನೂಕುನುಗ್ಗಲು ಕಡಿಮೆ.

ಏರಿನಲ್ಲಿ ಗೇರನ್ನು ಬುಡದಲ್ಲೇ ಇಳಿಸಿ. ಒತ್ತಡ ಬಿದ್ದ ಮೇಲೆ ಮುಂದಿನ ಚೈನ್‌ರಿಂಗ್ ಬದಲಿಸಿದರೆ ಚೈನ್ ಬೀಳುತ್ತದೆ. ಮೀನಖಂಡ ಅಥವಾ ತೊಡೆ ಹಿಡಿದುಕೊಂಡರೆ ಅದು ಬಹುತೇಕ ಅಭ್ಯಾಸಕ್ಕೆ ಮೀರಿ ದಣಿದ ಸ್ನಾಯು, ಉಪ್ಪೊಂದರಿಂದಲೇ ಬಿಡುವುದಿಲ್ಲ. ಎರಡು ಗೇರು ಹಗುರ ಮಾಡಿ, ಹಿಮ್ಮಡಿ ಕೆಳಗೆ ಒತ್ತಿ ಸ್ನಾಯು ಎಳೆಯಿರಿ. ಬಿಡದಿದ್ದರೆ ಎಡಕ್ಕೆ ಬಂದು ಇಳಿಯಿರಿ.

ಇಳಿತದಲ್ಲಿ ಕೈ ಹ್ಯಾಂಡಲಿನ ಕೆಳ ಬಾಗಿಗೆ. ಬ್ರೇಕನ್ನು ತಿರುವಿಗೆ ಮೊದಲು ಮುಗಿಸಿ, ತಿರುವಿನೊಳಗೆ ಹೊರಗಿನ ಕಾಲು ಕೆಳಗೆ, ಕಣ್ಣು ತಿರುವಿನ ಆಚೆಗೆ. ಉದ್ದಕ್ಕೂ ಸಣ್ಣಗೆ ಹಿಡಿದೇ ಇಳಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಗಟ್ಟಿಯಾಗಿ ಹಿಡಿದು ಬಿಡಿ, ಮತ್ತೆ ಹಿಡಿದು ಬಿಡಿ. ಒದ್ದೆಯಲ್ಲಿ ರಿಮ್ ಬ್ರೇಕ್ ಮೊದಲು ನೀರು ಒರೆಸಿ ಆಮೇಲೆ ಹಿಡಿಯುತ್ತದೆ, ಆ ಅಂತರ ಲೆಕ್ಕದಲ್ಲಿರಲಿ. ತಿರುವಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಡೀಸೆಲ್. ಅದರ ಮೇಲೆ ಬ್ರೇಕೂ ಬೇಡ, ವಾಲುವುದೂ ಬೇಡ.

ಮುಗಿಸಿದ ಮೇಲೆ ಗೆರೆಯಲ್ಲೇ ನಿಲ್ಲಬೇಡಿ, ಹಿಂದೆ ಗುಂಪು ಬರುತ್ತಿರುತ್ತದೆ. ಅರ್ಧ ಗಂಟೆಯೊಳಗೆ ಅನ್ನವೋ ಅವಲಕ್ಕಿಯೋ ತಿನ್ನಿ. ಮನೆಗೆ ಬಂದ ದಿನವೇ ಸೈಕಲ್ಲನ್ನು ಒತ್ತಡವಿಲ್ಲದ ಸಿಹಿನೀರಿನಲ್ಲಿ ತೊಳೆದು, ಚೈನ್ ಒಣಗಿಸಿ ಎಣ್ಣೆ ಹಾಕಿ. ಬೆವರು ಹ್ಯಾಂಡಲ್ ಟೇಪಿನೊಳಗೆ ಇಳಿದು ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಕೀಲು) ಬೋಲ್ಟುಗಳನ್ನು ತಿನ್ನುತ್ತದೆ. ಕಡಲ ಗಾಳಿಯ ಊರಿನವರು ಈ ಬೋಲ್ಟು ಮತ್ತು ಕ್ಲೀಟಿನ (ಬೂಟನ್ನು ಪೆಡಲಿಗೆ ಕಚ್ಚಿಸುವ ತುಣುಕಿನ) ಸ್ಕ್ರೂಗಳನ್ನು ಎರಡು ತಿಂಗಳಿಗೊಮ್ಮೆ ಬಿಚ್ಚಿ, ಗ್ರೀಸ್ ಸವರಿ ಮತ್ತೆ ಬಿಗಿಯಬೇಕು.